ಬಾಯಿ ಕ್ಯಾನ್ಸರ್ ವಾಪಸ್ ಬಂದಿದೆಯಾ ಅಂತ ರಕ್ತ ಕೊಟ್ಟು ತಿಳಿಯಬಹುದಾ? ಮಾರ್ಕರ್ ಟೆಸ್ಟ್ ಬಗ್ಗೆ ಗೊತ್ತಿರುವವರು ಹೇಳಿ

ಬೆಣ್ಣೆದೋಸೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯ್ತು, ಕತ್ತಿನ ಗಂಟುಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್ ಕೂಡ ಮುಗಿಯಿತು. ಈಗ ಬರೀ ಚೆಕಪ್. ಡಾಕ್ಟರು ಟಾರ್ಚ್ ಹಾಕಿ ಬಾಯಿ ನೋಡುತ್ತಾರೆ, ಕತ್ತು ಒತ್ತಿ ನೋಡುತ್ತಾರೆ, 'ಚೆನ್ನಾಗಿದೆ, ಹೋಗಿ ಬನ್ನಿ' ಅನ್ನುತ್ತಾರೆ. ಇಷ್ಟೇನಾ ಅಂತ ನಮಗೆ ಅನುಮಾನ.

ಮೊನ್ನೆ ಶುಗರ್ ಟೆಸ್ಟ್‌ಗೆ ಮನೆಗೆ ಬಂದ ಲ್ಯಾಬ್ ಹುಡುಗ 'ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್ ಇದೆ, ಮಾಡಿಸಿಬಿಡಿ, ನೆಮ್ಮದಿಯಾಗಿರಬಹುದು' ಅಂದ. ಮಾರ್ಕರ್ ಅಂದರೆ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರುವ ವಸ್ತುಗಳಂತೆ. ಪಟ್ಟಿಯಲ್ಲಿ ಸಿಇಎ, ಎಸ್‌ಸಿಸಿ ಆಂಟಿಜನ್, ಸೈಫ್ರಾ ಅಂತೆಲ್ಲ ಇದೆ. ಅಪ್ಪ ಮಾಡಿಸೋಣ ಅಂತ ಹಟ ಹಿಡಿದಿದ್ದಾರೆ.

ಇನ್ನೊಂದು ವಿಷಯ. ಹಳೆಯ ಬಯಾಪ್ಸಿ ರಿಪೋರ್ಟ್‌ನಲ್ಲಿ 'ಪಿ16 ನೆಗೆಟಿವ್' ಅಂತಿದೆ. ನಮ್ಮ ಚಿಕ್ಕಪ್ಪ ಯಾವುದೋ ವಿಡಿಯೋ ನೋಡಿ 'ಪಿ16 ಪಾಸಿಟಿವ್ ಇದ್ದವರು ಉಳಿಯುತ್ತಾರೆ, ನೆಗೆಟಿವ್ ಇದ್ದವರದ್ದು ಕಷ್ಟ' ಅಂದುಬಿಟ್ಟರು. ಅವತ್ತಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಇದು ನಿಜವಾ?

ಕೊನೆಯದಾಗಿ, ನನ್ನ ತಮ್ಮ ಇಷ್ಟೆಲ್ಲ ನೋಡಿಯೂ ಗುಟ್ಕಾ ಬಿಟ್ಟಿಲ್ಲ. ಎಂಜಲು ಪರೀಕ್ಷೆ ಮಾಡಿ ಮೊದಲೇ ಹೇಳುವ ಟೆಸ್ಟ್ ಏನಾದರೂ ಬಂದಿದೆಯಾ?

ಗಾಜಿನಪಟ್ಟಿ

ನಾನು ಪೆಥಾಲಜಿಯವನು. ಪಿ16 ವಿಷಯ ಮೊದಲು ಹೇಳಿಬಿಡುತ್ತೇನೆ, ನಿಮ್ಮ ಅಮ್ಮ ಊಟ ಮಾಡಲಿ.

ಗಂಟಲಿನ ಹಿಂಭಾಗ ಅಂದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡ, ಅಲ್ಲಿ ಬರುವ ಕ್ಯಾನ್ಸರ್‌ಗೆ ಒಂದು ಕಾರಣ ಎಚ್‌ಪಿವಿ ಅನ್ನುವ ವೈರಸ್. ಅದರಲ್ಲೂ 16ನೇ ತಳಿ. ಆ ವೈರಸ್ ಜೀವಕೋಶದೊಳಗೆ ಸೇರಿಕೊಂಡು ಇ7 ಅನ್ನುವ ಪ್ರೋಟೀನ್ ತಯಾರಿಸುತ್ತದೆ. ಇ7 ಹೋಗಿ ಆರ್‌ಬಿ ಅನ್ನುವ ಕಾವಲು ಪ್ರೋಟೀನನ್ನು ನಾಶ ಮಾಡುತ್ತದೆ. ಆರ್‌ಬಿ ಇಲ್ಲದಿದ್ದಾಗ ಜೀವಕೋಶದಲ್ಲಿ ಪಿ16 ಅನ್ನುವ ಇನ್ನೊಂದು ಪ್ರೋಟೀನ್ ರಾಶಿ ಬೀಳುತ್ತದೆ. ನಾವು ಬಯಾಪ್ಸಿ ತುಂಡಿಗೆ ಸ್ಟೇನ್ ಹಾಕಿದಾಗ ಅದು ಕಂದು ಬಣ್ಣವಾಗಿ ಕಾಣುತ್ತದೆ. 70% ಅಥವಾ ಅದಕ್ಕಿಂತ ಜಾಸ್ತಿ ಕ್ಯಾನ್ಸರ್ ಕೋಶಗಳಲ್ಲಿ, ನ್ಯೂಕ್ಲಿಯಸ್ಸು ಮತ್ತು ಅದರ ಸುತ್ತಲಿನ ಭಾಗ ಎರಡೂ ಗಾಢವಾಗಿ ಕಂದಾಗಿದ್ದರೆ ಮಾತ್ರ ಪಾಸಿಟಿವ್ ಅಂತ ಬರೆಯುತ್ತೇವೆ. ಅಲ್ಲಲ್ಲಿ ತೆಳ್ಳಗೆ ಬಣ್ಣ ಬಂದರೆ ಅದು ಲೆಕ್ಕಕ್ಕಿಲ್ಲ.

ಅಂದರೆ ಪಿ16 ಅನ್ನೋದು ವೈರಸ್ ಅಲ್ಲ, ವೈರಸ್ ಒಳಗೆ ಕೆಲಸ ಮಾಡುತ್ತಿದೆ ಅನ್ನುವ ಗುರುತು. ಈ ಗುರುತಿಗೆ ಬೆಲೆ ಇರುವುದು ಗಂಟಲ ಹಿಂಭಾಗದ ಕ್ಯಾನ್ಸರ್‌ನಲ್ಲಿ. ಅಲ್ಲಿ ಎಚ್‌ಪಿವಿಯಿಂದ ಬಂದ ಗಡ್ಡೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. 2010ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. ಅದರಲ್ಲಿ 3 ವರ್ಷದ ನಂತರ ಎಚ್‌ಪಿವಿ ಪಾಸಿಟಿವ್ ಇದ್ದವರಲ್ಲಿ 82.4% ಬದುಕಿದ್ದರು, ನೆಗೆಟಿವ್ ಇದ್ದವರಲ್ಲಿ 57.1%. ವ್ಯತ್ಯಾಸ ಎಷ್ಟು ದೊಡ್ಡದು ಅಂದರೆ, 8ನೇ ಆವೃತ್ತಿಯ ಸ್ಟೇಜಿಂಗ್ ನಿಯಮದಲ್ಲಿ ಪಿ16 ಪಾಸಿಟಿವ್ ಗಂಟಲ ಕ್ಯಾನ್ಸರ್‌ಗೆ ಬೇರೆ ಪಟ್ಟಿಯನ್ನೇ ಮಾಡಿದರು. ಮೊದಲು ನಾಲ್ಕನೇ ಸ್ಟೇಜ್ ಅನ್ನುತ್ತಿದ್ದ ಎಷ್ಟೋ ಕೇಸು ಈಗ ಒಂದನೇ ಸ್ಟೇಜ್.

ಕೆನ್ನೆಯ ಕ್ಯಾನ್ಸರ್‌ಗೆ ಈ ನಿಯಮ ಅನ್ವಯಿಸೋದೇ ಇಲ್ಲ. ತಂಬಾಕು, ಅಡಿಕೆಯಿಂದ ಬಂದ ಕೆನ್ನೆಯ ಗಡ್ಡೆ ಪಿ16 ನೆಗೆಟಿವ್ ಇರುವುದೇ ಸಾಮಾನ್ಯ. ಅದರಿಂದ ಅಪ್ಪನ ಭವಿಷ್ಯದ ಬಗ್ಗೆ ಒಳ್ಳೆಯದೂ ಗೊತ್ತಾಗುವುದಿಲ್ಲ, ಕೆಟ್ಟದ್ದೂ ಗೊತ್ತಾಗುವುದಿಲ್ಲ. ಅದೇ ರಿಪೋರ್ಟ್‌ನಲ್ಲಿ ಬೇರೆ ಸಾಲುಗಳಿರುತ್ತವೆ ನೋಡಿ: ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿತ್ತು, ಅಂಚು ಕ್ಲಿಯರ್ ಇತ್ತಾ, ಎಷ್ಟು ಗಂಟುಗಳಲ್ಲಿ ಕ್ಯಾನ್ಸರ್ ಇತ್ತು, ಗಂಟಿನ ಹೊದಿಕೆ ಒಡೆದು ಹೊರಗೆ ಬಂದಿತ್ತಾ, ನರದ ಸುತ್ತ ಹಬ್ಬಿತ್ತಾ. ಅಪ್ಪನ ವಿಷಯದಲ್ಲಿ ಮುಖ್ಯ ಅವೇ.

ಬೆಣ್ಣೆದೋಸೆ

ಸರ್, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಚಿಕ್ಕಪ್ಪನಿಗೂ ಫಾರ್ವರ್ಡ್ ಮಾಡಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ 🙂 ರಿಪೋರ್ಟ್‌ನಲ್ಲಿ ಆಳ 7 ಮಿಲಿಮೀಟರ್, ಅಂಚು ಕ್ಲಿಯರ್, ಒಂದು ಗಂಟು ಪಾಸಿಟಿವ್, ಹೊದಿಕೆ ಒಡೆದಿಲ್ಲ ಅಂತಿದೆ.

ರೌಂಡ್ಸ್‌ನಲ್ಲಿದ್ದೇನೆ

ಮಂಗಳೂರು. ಕ್ಯಾನ್ಸರ್ ವಿಭಾಗದಲ್ಲಿ ರೆಸಿಡೆಂಟ್. ಆ ಪ್ಯಾಕೇಜ್ ಬಗ್ಗೆ ಹೇಳುತ್ತೇನೆ: ದಯವಿಟ್ಟು ಬೇಡ.

ಸಿಇಎ ಬೀಡಿ-ಸಿಗರೇಟು ಸೇದುವವರಲ್ಲಿ ಸುಮ್ನೆ ಏರಿರುತ್ತದೆ. ಎಸ್‌ಸಿಸಿ ಆಂಟಿಜನ್ ಸೋರಿಯಾಸಿಸ್ ಇದ್ದರೂ ಏರುತ್ತದೆ, ಕಿಡ್ನಿ ಕೆಟ್ಟಿದ್ದರೂ ಏರುತ್ತದೆ. ಸ್ಯಾಂಪಲ್‌ಗೆ ಚರ್ಮದ ಕಣವೋ ಎಂಜಲೋ ತಾಗಿದರೂ ಸುಳ್ಳು ಏರಿಕೆ ತೋರಿಸುತ್ತದೆ. ಇನ್ನೊಂದು ಕಡೆ, ಬಾಯಲ್ಲಿ ಸಣ್ಣದಾಗಿ ಕ್ಯಾನ್ಸರ್ ವಾಪಸ್ ಬಂದಾಗ ಇವೆಲ್ಲ ನಾರ್ಮಲ್ ಆಗಿರುವುದೂ ಉಂಟು. ಏರಿದರೆ ಸುಮ್ಮನೆ ಭಯ, ನಾರ್ಮಲ್ ಬಂದರೆ ಸುಳ್ಳು ಧೈರ್ಯ. ಎರಡನೆಯದು ಜಾಸ್ತಿ ಅಪಾಯ. 'ಬ್ಲಡ್ ರಿಪೋರ್ಟ್ ನಾರ್ಮಲ್ ಇತ್ತಲ್ಲ ಡಾಕ್ಟ್ರೇ' ಅಂತ ಚೆಕಪ್ ತಪ್ಪಿಸಿ, ಗಂಟು ನಿಂಬೆಹಣ್ಣಿನ ಗಾತ್ರ ಆದಮೇಲೆ ಬಂದವರನ್ನು ನೋಡಿದ್ದೇನೆ.

ಆ ಐದು ನಿಮಿಷದ ಚೆಕಪ್ ಅಂದರೆ ಕಡಿಮೆ ಅಂತ ತಿಳಿಯಬೇಡಿ. ವಾಪಸ್ ಬರುವ ಕ್ಯಾನ್ಸರ್ ಹೆಚ್ಚಿನದು ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಹೊಲಿಗೆ ಹಾಕಿದ ಅಂಚಿನ ಮೇಲೆ ಬೆರಳಾಡಿಸಿದಾಗ ಒಂದು ಕಡೆ ಗಟ್ಟಿ ತಾಗುತ್ತದೆ. ಅಪ್ಪನ ಬಾಯಿಗೆ ಮೂರು ಬೆರಳು ನಿಲ್ಲಿಸಿ ಹೋಗುತ್ತಾ ನೋಡಿ. ಹಿಂದೆ ಎರಡೂವರೆ ಹೋಗುತ್ತಿದ್ದದ್ದು ಈಗ ಒಂದೇ ಹೋಗುತ್ತಿದೆ ಅಂದರೆ, ಅಥವಾ ಒಂದೇ ಕಡೆಯ ಕಿವಿನೋವು ಬಿಡದೆ ಇದೆ ಅಂದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಲೆಕ್ಕದಮೇಷ್ಟ್ರು

ಡಾಕ್ಟ್ರೇ, ಹಾಗಾದರೆ ಪೇಪರ್‌ನಲ್ಲಿ ದಿನಾ ಬರುತ್ತಲ್ಲ, 'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಅಂತ, ಅದೆಲ್ಲ ಬುರುಡೆನಾ?

ಲ್ಯಾಬ್‌ಕೋಟು

ಬುರುಡೆ ಅಲ್ಲ ಮೇಷ್ಟ್ರೇ. ಆದರೆ ಯಾವ ಕ್ಯಾನ್ಸರ್ ಅನ್ನೋದರ ಮೇಲೆ ಹೋಗುತ್ತೆ. ನಾನು ಸಿಂಗಾಪುರದಲ್ಲಿ ಮಾಲೆಕ್ಯುಲರ್ ಲ್ಯಾಬ್‌ನಲ್ಲಿ ಇದ್ದೇನೆ, ಊರು ಶಿರಸಿ. ಇಲ್ಲಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಥೆ ಹೇಳುತ್ತೇನೆ.

ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಬರುವ ಒಂದು ಕ್ಯಾನ್ಸರ್ ಇದೆ, ನೇಸೋಫೆರಿಂಜಿಯಲ್ ಅಂತಾರೆ. ದಕ್ಷಿಣ ಚೀನಾ, ಹಾಂಗ್‌ಕಾಂಗ್ ಕಡೆ ಜಾಸ್ತಿ. ನಮ್ಮ ದೇಶದಲ್ಲಿ ನಾಗಾಲ್ಯಾಂಡ್ ಕಡೆ ಜಾಸ್ತಿ, ಕರ್ನಾಟಕದಲ್ಲಿ ಅಪರೂಪ. ಅದರಲ್ಲಿ ಎಪ್‌ಸ್ಟೈನ್-ಬಾರ್ ಅನ್ನುವ ವೈರಸ್ ಪ್ರತಿ ಕ್ಯಾನ್ಸರ್ ಕೋಶದಲ್ಲೂ ಕೂತಿರುತ್ತದೆ. ಗಡ್ಡೆಯ ಕೋಶಗಳು ಸಾಯುತ್ತಾ ಇರುತ್ತವಲ್ಲ, ಆಗ ಆ ವೈರಸ್ಸಿನ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ಅವರ ತಂಡ 1999ರಲ್ಲೇ ಇದನ್ನು ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ತೆಗೆದಮೇಲೆ ಉಳಿಯುವ ದ್ರವದಲ್ಲಿ, ಅಳೆದು ತೋರಿಸಿತು. ಆ ವೈರಸ್ಸಿನ ಡಿಎನ್‌ಎಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗ ಒಂದಿದೆ. ಪರೀಕ್ಷೆ ಹುಡುಕುವುದು ಅದನ್ನೇ, ಹಾಗಾಗಿ ಸ್ವಲ್ಪ ಇದ್ದರೂ ಸಿಕ್ಕಿಬೀಳುತ್ತದೆ.

ಆಮೇಲೆ ಅವರು ಆರೋಗ್ಯವಾಗಿದ್ದ 40ರಿಂದ 62 ವರ್ಷದ 20,174 ಗಂಡಸರ ರಕ್ತ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಬಂತು. ಮೊದಲ ಸಲ 1,112 ಜನಕ್ಕೆ ಪಾಸಿಟಿವ್. ಅಷ್ಟೂ ಜನಕ್ಕೆ ಕ್ಯಾನ್ಸರ್ ಅಂತ ಗಾಬರಿ ಮಾಡಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಆಗಲೂ ಪಾಸಿಟಿವ್ ಉಳಿದವರು 309. ಅವರಿಗೆ ಮೂಗಿನ ಮೂಲಕ ಎಂಡೋಸ್ಕೋಪಿ, ಎಂಆರ್‌ಐ. ಕೊನೆಗೆ 34 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಮುಖ್ಯ ಏನು ಅಂದರೆ, ಸಿಕ್ಕಿದ್ದರಲ್ಲಿ 71% ಒಂದನೇ ಅಥವಾ ಎರಡನೇ ಸ್ಟೇಜ್. ಮಾಮೂಲಿಯಾಗಿ ಅಲ್ಲಿ ಆ ಹಂತದಲ್ಲಿ ಸಿಗುತ್ತಿದ್ದದ್ದು 20%.

ಹಾಗಾಗಿ ರಕ್ತದಲ್ಲಿ ಸಿಗುತ್ತದಾ ಅಂತ ಕೇಳಿದರೆ ಸಿಗುತ್ತದೆ, ಅದಕ್ಕೊಂದು ವೈರಸ್ ಗುರುತು ಇದ್ದರೆ.

ಎರಡನೇಇನ್ನಿಂಗ್ಸ್

ನನಗೆ ಟಾನ್ಸಿಲ್ ಕ್ಯಾನ್ಸರ್ ಆಗಿತ್ತು, ರಾಯಚೂರು ನಮ್ಮದು. ಪಿ16 ಪಾಸಿಟಿವ್. ನನಗೂ ಈ ಥರ ವೈರಸ್ ಟೆಸ್ಟ್ ಇದೆಯಾ ಮೇಡಂ? ಮತ್ತೆ, ಪಾಸಿಟಿವ್ ಇದ್ದವರಿಗೆ ರೇಡಿಯೇಷನ್ ಕಮ್ಮಿ ಕೊಟ್ಟರೂ ಸಾಕು ಅಂತ ಓದಿದ್ದೆ. ನನಗೆ ಪೂರ್ತಿ ಕೊಟ್ಟರು. ಇವತ್ತಿಗೂ ಬಾಯಿ ಒಣಗುತ್ತದೆ, ಜೋಳದ ರೊಟ್ಟಿ ನುಂಗಬೇಕಾದರೆ ತುತ್ತಿಗೊಂದು ಗುಟುಕು ನೀರು ಬೇಕು. ಕಮ್ಮಿ ಮಾಡಿದ್ದರೆ ಚೆನ್ನಾಗಿರುತ್ತಿತ್ತೇನೋ ಅನಿಸುತ್ತದೆ.

ಲ್ಯಾಬ್‌ಕೋಟು

ಇದೆ ಸರ್. ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಂದ ಎಚ್‌ಪಿವಿ ಡಿಎನ್‌ಎ ಎಣಿಸುವ ಪರೀಕ್ಷೆ. ಉತ್ತರ ಕೆರೊಲಿನಾದ ತಂಡವೊಂದು ಚಿಕಿತ್ಸೆ ಮುಗಿದ 115 ಜನರನ್ನು ಹೀಗೆ ಗಮನಿಸಿ 2020ರಲ್ಲಿ ವರದಿ ಮಾಡಿತು. 87 ಜನರ ರಕ್ತದಲ್ಲಿ ಒಮ್ಮೆಯೂ ಸಿಗಲಿಲ್ಲ. ಆ 87ರಲ್ಲಿ ಯಾರಿಗೂ ಕ್ಯಾನ್ಸರ್ ಮರಳಲಿಲ್ಲ. ಉಳಿದ 28 ಜನರಲ್ಲಿ ಸಿಕ್ಕಿತು. ಅವರಲ್ಲಿ ಸತತ ಎರಡು ಸಲ ಸಿಕ್ಕಿದ್ದು 16 ಜನಕ್ಕೆ, ಆ 16ರಲ್ಲಿ 15 ಜನಕ್ಕೆ ಕ್ಯಾನ್ಸರ್ ವಾಪಸ್ ಬಂದಿತ್ತು. ಒಂದು ಸಲ ಪಾಸಿಟಿವ್ ಬಂದ ಕೂಡಲೇ ನಿರ್ಧಾರ ಮಾಡಬಾರದು ಅನ್ನೋದು ಇಲ್ಲೂ ಕಾಣುತ್ತದೆ.

ಆದರೆ ಇದಕ್ಕೆ ಮೊದಲು, ಚಿಕಿತ್ಸೆಗೆ ಮುಂಚೆ ನಿಮ್ಮ ರಕ್ತದಲ್ಲಿ ಎಷ್ಟಿತ್ತು ಅಂತ ಅಳೆದಿದ್ದರೆ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ. ಕೆಲವರ ಗಡ್ಡೆ ಇದ್ದಾಗಲೂ ರಕ್ತಕ್ಕೆ ಏನೂ ಬಿಡುವುದಿಲ್ಲ. ಅಂಥವರಿಗೆ ಆಮೇಲೆ ನೆಗೆಟಿವ್ ಬಂದರೆ ಏನು ಹೇಳಿದ ಹಾಗಾಯಿತು?

ರೌಂಡ್ಸ್‌ನಲ್ಲಿದ್ದೇನೆ

ರೇಡಿಯೇಷನ್ ಬಗ್ಗೆ ನಾನು ಹೇಳುತ್ತೇನೆ. ಎರಡನೇಇನ್ನಿಂಗ್ಸ್ ಅಣ್ಣ, ನಿಮಗೆ ಪೂರ್ತಿ ಕೊಟ್ಟಿದ್ದು ಸರಿಯೇ. ಪಿ16 ಪಾಸಿಟಿವ್ ಇದ್ದವರಿಗೆ ಚಿಕಿತ್ಸೆ ಹಗುರ ಮಾಡೋಣ ಅಂತ ಹೊರಟ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ 2018ರಲ್ಲಿ ಬಂತು. ಅವುಗಳಲ್ಲಿ ರೇಡಿಯೇಷನ್ ಜೊತೆಗೆ ಕೊಡುವ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧದ ಬದಲು ಸೆಟುಕ್ಸಿಮ್ಯಾಬ್ ಅನ್ನುವ ಇನ್ನೊಂದು ಔಷಧ ಕೊಟ್ಟು ನೋಡಿದರು. ಹಗುರ ಮಾಡಿದ ಗುಂಪಿನಲ್ಲೇ ಹೆಚ್ಚು ಜನ ತೀರಿಕೊಂಡರು. ಮಾರ್ಕರ್ ನೋಡಿ 'ಇವರು ಚೆನ್ನಾಗಿರುತ್ತಾರೆ' ಅನ್ನೋದು ಬೇರೆ, 'ಇವರಿಗೆ ಕಮ್ಮಿ ಸಾಕು' ಅನ್ನೋದು ಬೇರೆ. ಮೊದಲನೆಯದು ಸಾಬೀತಾಗಿದೆ. ಎರಡನೆಯದಕ್ಕೆ ಟ್ರಯಲ್ ಬೇಕೇ ಬೇಕು.

ಗಾಜಿನಪಟ್ಟಿ

ಇದಕ್ಕೊಂದು ಸೇರಿಸುತ್ತೇನೆ. ಪಿ16 ಪಾಸಿಟಿವ್ ಬಂದ ಎಲ್ಲರಿಗೂ ಎಚ್‌ಪಿವಿ ಇರುವುದಿಲ್ಲ. 2023ರಲ್ಲಿ ಹಲವು ದೇಶಗಳ 7,654 ಗಂಟಲ ಕ್ಯಾನ್ಸರ್ ರೋಗಿಗಳ ದಾಖಲೆ ಒಟ್ಟು ಮಾಡಿ ನೋಡಿದಾಗ, 9.2% ಜನರಲ್ಲಿ ಪಿ16 ಒಂದು ಹೇಳಿದರೆ ಎಚ್‌ಪಿವಿ ಪರೀಕ್ಷೆ ಇನ್ನೊಂದು ಹೇಳಿತು. ಎರಡೂ ಪಾಸಿಟಿವ್ ಇದ್ದವರಲ್ಲಿ 5 ವರ್ಷ ಬದುಕಿದವರು 81.1%. ಪಿ16 ಪಾಸಿಟಿವ್, ಎಚ್‌ಪಿವಿ ನೆಗೆಟಿವ್ ಇದ್ದವರಲ್ಲಿ 54.7%. ತಂಬಾಕು ಹೆಚ್ಚಿರುವ ನಮ್ಮ ಊರುಗಳಲ್ಲಿ ಬರೀ ಪಿ16 ನಂಬಿಕೊಂಡು ಕೂರಬಾರದು ಅಂತ ನನ್ನ ಅಭಿಪ್ರಾಯ. ಆಗುವ ಕಡೆ ಎಚ್‌ಪಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಎಲ್ಲ ಕಡೆ ಆಗುವುದಿಲ್ಲ ಅನ್ನೋದೂ ಗೊತ್ತು.

ಬೆಣ್ಣೆದೋಸೆ

ಎಲ್ಲ ಓದಿದೆ. ಆದರೆ ಅಪ್ಪನ ಕ್ಯಾನ್ಸರ್‌ನಲ್ಲಿ ವೈರಸ್ಸೇ ಇಲ್ಲವಲ್ಲ. ಹಾಗಾದರೆ ಅವರಿಗೆ ಏನೂ ಇಲ್ವಾ?

ಲ್ಯಾಬ್‌ಕೋಟು

ಇಲ್ಲೇ ಇರೋದು ಕಷ್ಟ. ವೈರಸ್ ಡಿಎನ್‌ಎ ಅನ್ನೋದು ಸಂತೆಯಲ್ಲಿ ಕೆಂಪು ಪೇಟ ಸುತ್ತಿದವನನ್ನು ಹುಡುಕಿದ ಹಾಗೆ, ಬೇರೆ ಯಾರೂ ಅದನ್ನು ಸುತ್ತಿರುವುದಿಲ್ಲ. ತಂಬಾಕಿನ ಕ್ಯಾನ್ಸರ್‌ಗೆ ಅಂಥ ಪೇಟ ಇಲ್ಲ. ಅಲ್ಲಿರುವುದು ನಮ್ಮದೇ ಡಿಎನ್‌ಎ, ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಿರುತ್ತದೆ. ಹೆಚ್ಚಿನವರಲ್ಲಿ ಟಿಪಿ53 ಅನ್ನುವ ಜೀನ್ ಕೆಟ್ಟಿರುತ್ತದೆ. ಆದರೆ ಒಬ್ಬೊಬ್ಬರಲ್ಲಿ ಒಂದೊಂದು ಜಾಗದಲ್ಲಿ ಕೆಟ್ಟಿರುತ್ತದೆ. ಎಲ್ಲರಿಗೂ ಹೊಂದುವ ಒಂದೇ ಟೆಸ್ಟ್ ಮಾಡುವುದಕ್ಕೆ ಆಗುವುದಿಲ್ಲ.

ಇದಕ್ಕೆ ಒಂದು ದಾರಿ ಹುಡುಕಿದ್ದಾರೆ. ಮೊದಲು ಆ ರೋಗಿಯ ಗಡ್ಡೆಯ ತುಂಡು ತೆಗೆದುಕೊಂಡು ಅದರ ಡಿಎನ್‌ಎ ಓದುವುದು. ಅದರಲ್ಲಿರುವ ತಪ್ಪುಗಳನ್ನು ಆರಿಸಿ ಅವರಿಗೊಬ್ಬರಿಗೇ ಅಂತ ಒಂದು ಟೆಸ್ಟ್ ತಯಾರಿಸುವುದು. ಆಮೇಲೆ ರಕ್ತದಲ್ಲಿ ಆ ತಪ್ಪುಗಳನ್ನೇ ಹುಡುಕುವುದು. ಜರ್ಮನಿಯಲ್ಲಿ 17 ಪಿ16 ನೆಗೆಟಿವ್ ರೋಗಿಗಳಲ್ಲಿ ಹೀಗೆ ಮಾಡಿ 2022ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಮರಳಿದವರಲ್ಲಿ, ಡಾಕ್ಟರ ಕಣ್ಣಿಗೆ ಬೀಳುವುದಕ್ಕೆ 108ರಿಂದ 253 ದಿನ ಮೊದಲೇ ರಕ್ತದಲ್ಲಿ ಸುಳಿವು ಸಿಕ್ಕಿತ್ತು.

ಎಂಜಲಿನ ವಿಷಯವೂ ಇದೆ. 2015ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನವರು 93 ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳ ಎಂಜಲು ನೋಡಿದರು. ಅದರಲ್ಲಿ 46 ಜನರದ್ದು ಬಾಯಿಯ ಕ್ಯಾನ್ಸರ್, ಆ 46 ಜನರ ಎಂಜಲಿನಲ್ಲೂ ಗಡ್ಡೆಯ ಡಿಎನ್‌ಎ ಇತ್ತು. ಗಂಟಲ ಒಳಗಿನ ಕ್ಯಾನ್ಸರ್‌ಗೆ ಎಂಜಲಿಗಿಂತ ರಕ್ತವೇ ವಾಸಿ. ಗಡ್ಡೆಯ ಡಿಎನ್‌ಎ ಎಲ್ಲಿಗೆ ಬಂದು ಸೇರುತ್ತದೆಯೋ ಅಲ್ಲಿ ಹುಡುಕಬೇಕು, ಅಷ್ಟೇ.

ಲೆಕ್ಕದಮೇಷ್ಟ್ರು

46ಕ್ಕೆ 46! ಹಾಗಾದರೆ ಬೆಣ್ಣೆದೋಸೆ ಅವರ ತಮ್ಮನಿಗೆ ಮಾಡಿಸಬಹುದಲ್ಲ?

ಅಲ್ಲ, ನಿಲ್ಲಿ. ನಾನೇ ಲೆಕ್ಕ ಹಾಕುತ್ತೇನೆ. ಅವರೆಲ್ಲ ಕ್ಯಾನ್ಸರ್ ಇದೆ ಅಂತ ಮೊದಲೇ ಗೊತ್ತಿದ್ದವರು. ಗೊತ್ತಿಲ್ಲದವರಲ್ಲಿ ಹುಡುಕುವುದು ಬೇರೆಯೇ ಆಟ. ಸುಮ್ನೆ ಉದಾಹರಣೆಗೆ 1,00,000 ಜನ ಅಂದುಕೊಳ್ಳಿ. ಅವರಲ್ಲಿ 50 ಜನಕ್ಕೆ ಕ್ಯಾನ್ಸರ್ ಇದೆ. ಟೆಸ್ಟ್ 100 ರೋಗಿಗಳಲ್ಲಿ 90 ಜನರನ್ನು ಹಿಡಿಯುತ್ತದೆ, 100 ಆರೋಗ್ಯವಂತರಲ್ಲಿ 95 ಜನರಿಗೆ ಸರಿಯಾಗಿ 'ಇಲ್ಲ' ಅನ್ನುತ್ತದೆ. ಕೇಳಲು ಬಲು ಒಳ್ಳೆಯ ಟೆಸ್ಟ್, ಅಲ್ವಾ? ಸಿಗುವ ರೋಗಿಗಳು 45. ಸುಳ್ಳು ಪಾಸಿಟಿವ್ 99,950ರ 5%, ಅಂದರೆ ಹತ್ತಿರ ಹತ್ತಿರ 5,000. ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕಾಯಿಲೆ ಇರುವವರು 1% ಕೂಡ ಇಲ್ಲ. ಆ 5,000 ಜನ ಬಯಾಪ್ಸಿಗೆ ಎಲ್ಲಿ ಸಾಲು ನಿಲ್ಲಬೇಕು?

ಹಾಂಗ್‌ಕಾಂಗ್‌ನವರು ಎರಡು ಸಲ ಸೋಸಿದ್ದು ಯಾಕೆ ಅಂತ ಈಗ ಅರ್ಥ ಆಯ್ತು. 309ಕ್ಕೆ 34 ಅಂದರೆ ಒಂಬತ್ತು ಜನಕ್ಕೆ ಒಬ್ಬರು. ಅದು ನಿಭಾಯಿಸಬಹುದಾದ ಲೆಕ್ಕ.

ಹುಬ್ಳಿ_ಹಲ್ಲಿನಡಾಕ್ಟ್ರು

ಮೇಷ್ಟ್ರ ಲೆಕ್ಕಕ್ಕೆ ನಮಸ್ಕಾರ. ತಮ್ಮನ ವಿಷಯಕ್ಕೆ ಬರೋಣ ರೀ. ಎಂಜಲು ಟೆಸ್ಟ್‌ಗೆ ಕಾಯುವುದು ಯಾಕೆ? ಬಾಯಿ ಅನ್ನೋದು ತೆರೆದು ನೋಡಬಹುದಾದ ಜಾಗ. ಹೊಟ್ಟೆಯೊಳಗಿನ ಕ್ಯಾನ್ಸರ್ ಅಲ್ಲ.

ತಿರುವನಂತಪುರದಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು. ಟಾರ್ಚ್ ಬೆಳಕು, ಕಣ್ಣು, ಅಷ್ಟೇ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆಯಾಗಿತ್ತು. ಬಾಯಿ ಕ್ಯಾನ್ಸರ್‌ಗೆ ಇಂಥ ಪುರಾವೆ ಕೊಟ್ಟ ಮಾರ್ಕರ್ ಟೆಸ್ಟ್ ನನಗೆ ಗೊತ್ತಿರುವಂತೆ ಒಂದೂ ಇಲ್ಲ.

ತಮ್ಮನನ್ನು ಕನ್ನಡಿ ಮುಂದೆ ನಿಲ್ಲಿಸಿ. ಗುಟ್ಕಾ ಇಟ್ಟುಕೊಳ್ಳುವ ಕಡೆ ಕೆನ್ನೆ ಎಳೆದು ನೋಡಲಿ. ಉಜ್ಜಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ವಾರ ಆದರೂ ಮಾಯದ ಹುಣ್ಣು. ಕೆಂಪು ಇದ್ದರೆ ಜಾಸ್ತಿ ಹುಷಾರು. ಕೆನ್ನೆಯೊಳಗೆ ಬೆರಳಿಗೆ ಹಗ್ಗದ ಥರ ಗಟ್ಟಿ ಪಟ್ಟಿ ತಾಗುತ್ತದಾ? ಖಾರ ತಿಂದರೆ ಉರಿಯುತ್ತದಾ? ಪಾನಿಪೂರಿ ಇಡಿಯಾಗಿ ಬಾಯಿಗೆ ಹೋಗುತ್ತದಾ? ನಮ್ಮ ಕಡೆ ಇಪ್ಪತ್ತೆರಡು ವರ್ಷದ ಹುಡುಗರು 'ಡಾಕ್ಟ್ರ, ಪಾನಿಪೂರಿ ಹೋಗವಲ್ದು' ಅಂತಲೇ ಬರುತ್ತಾರೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅದು, ಬಾಯಿಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲು ಬಾರದ ಕಾಯಿಲೆ.

ಮಚ್ಚೆ ಸಿಕ್ಕ ಮೇಲೆ ಮಾಲೆಕ್ಯುಲರ್ ಟೆಸ್ಟ್‌ಗೆ ನಿಜವಾದ ಕೆಲಸ ಇದೆ ಅಂತ ನನಗನಿಸುತ್ತದೆ. ಬಿಳಿ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆ ಅಂತ ಹೇಳುವುದು ಕಷ್ಟ. ಮಚ್ಚೆಯ ಕೋಶಗಳಲ್ಲಿ 3 ಮತ್ತು 9ನೇ ಕ್ರೋಮೋಸೋಮಿನ (ಡಿಎನ್‌ಎ ಸುತ್ತಿಟ್ಟ ಕಟ್ಟು) ಸಣ್ಣ ತೋಳಿನಲ್ಲಿ ತುಂಡು ಕಳೆದುಹೋಗಿದ್ದರೆ ಅಪಾಯ ಜಾಸ್ತಿ ಅಂತ ಹಲವು ಅಧ್ಯಯನ ತೋರಿಸಿವೆ. 2016ರಲ್ಲಿ ಬಂದ ಒಂದು ಟ್ರಯಲ್‌ನಲ್ಲಿ ಇಂಥ ಅಪಾಯದವರನ್ನು ಆರಿಸಿ ಎರ್ಲೋಟಿನಿಬ್ ಮಾತ್ರೆ ಕೊಟ್ಟು ನೋಡಿದರು. ಮಾರ್ಕರ್ ಹೇಳಿದ ಅಪಾಯ ನಿಜವಾಯ್ತು. ಆದರೆ ಮಾತ್ರೆ ಕ್ಯಾನ್ಸರ್ ತಡೆಯಲಿಲ್ಲ.

ತೋಟದಮನೆ

ತೀರ್ಥಹಳ್ಳಿ ಕಡೆಯವನು ನಾನು, ಅಡಿಕೆ ಬೆಳೆಗಾರ. ಮೇಲೆ ಪೆಥಾಲಜಿಯವರು 'ತಂಬಾಕು, ಅಡಿಕೆ' ಅಂತ ಒಟ್ಟಿಗೆ ಬರೆದಿದ್ದಾರೆ. ಇದಕ್ಕೆ ನನ್ನ ಆಕ್ಷೇಪ ಇದೆ. ನಮ್ಮ ಅಜ್ಜ ಎಲೆ-ಅಡಿಕೆ ಹಾಕಿಕೊಂಡೇ 90 ದಾಟಿದರು. ಗುಟ್ಕಾ ಕಂಪನಿಯವರು ಮಾಡಿದ ಪಾಪ ನಮ್ಮ ತಲೆಗೆ ಯಾಕೆ?

ಗಾಜಿನಪಟ್ಟಿ

ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಕಾರಣ ಅಡಿಕೆಯೇ, ತಂಬಾಕಲ್ಲ. ಎಲ್ಲರಿಗೂ ಬರುವುದಿಲ್ಲ ಅನ್ನೋದು ನಿಜ. ಅಜ್ಜನಿಗೆ ಬರಲಿಲ್ಲ, ಸಂತೋಷ. ನಾವು ಮೈಕ್ರೋಸ್ಕೋಪಿನಲ್ಲಿ ನೋಡುವುದು ಬಂದವರನ್ನು.

ತೋಟದಮನೆ

ಅಜ್ಜ ದಿನಕ್ಕೆ ಊಟ ಆದಮೇಲೆ ಒಂದು ಹಾಕುತ್ತಿದ್ದರು. ಈಗಿನ ಹುಡುಗರು ಪ್ಯಾಕೆಟ್ಟು ಹರಿದು ದಿನವಿಡೀ ಬಾಯಲ್ಲಿಟ್ಟುಕೊಳ್ಳುತ್ತಾರೆ. ಅದನ್ನಾದರೂ ಬೇರೆ ಮಾಡಿ ಹೇಳಿ.

ನಿರ್ವಾಹಕ

ಅಡಿಕೆ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಮಾರ್ಕರ್ ವಿಷಯ ಮಾತ್ರ.

ಕಾವೇರಿತೀರ

ನಮ್ಮ ಅತ್ತೆಗೆ ನಾಲಿಗೆ ಕ್ಯಾನ್ಸರ್ ಮರಳಿ ಶ್ವಾಸಕೋಶಕ್ಕೆ ಹೋಗಿದೆ. 'ಪಿಡಿ-ಎಲ್1 ಸಿಪಿಎಸ್ 30' ಅಂತ ರಿಪೋರ್ಟ್ ಬಂತು. 30 ಅಂದರೆ ನೂರಕ್ಕೆ ಮೂವತ್ತು ಕ್ಯಾನ್ಸರ್ ಇದೆ ಅಂತನಾ?

ರೌಂಡ್ಸ್‌ನಲ್ಲಿದ್ದೇನೆ

ಅಲ್ಲ ಅಕ್ಕ. ಕ್ಯಾನ್ಸರ್ ಎಷ್ಟಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪಿಡಿ-ಎಲ್1 ಅನ್ನೋದು ನಮ್ಮ ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುವ ಒಂದು ಪ್ರೋಟೀನ್. ಬಯಾಪ್ಸಿಯಲ್ಲಿ ಅದು ಇರುವ ಕ್ಯಾನ್ಸರ್ ಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಕೋಶ ಎಲ್ಲ ಎಣಿಸಿ, ಒಟ್ಟು ಕ್ಯಾನ್ಸರ್ ಕೋಶಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಅದೇ ಸಿಪಿಎಸ್. ಇಲ್ಲಿ ನಂಬರ್ ಜಾಸ್ತಿ ಇದ್ದರೆ ಇಮ್ಯುನೊಥೆರಪಿ, ಅಂದರೆ ಆ ರೋಗನಿರೋಧಕ ಕೋಶಗಳನ್ನು ಮತ್ತೆ ಎಬ್ಬಿಸುವ ಔಷಧ, ಕೆಲಸ ಮಾಡುವ ಸಾಧ್ಯತೆ ಜಾಸ್ತಿ. 2019ರಲ್ಲಿ ಬಂದ ಕೀನೋಟ್-048 ಟ್ರಯಲ್‌ನಲ್ಲಿ ಸಿಪಿಎಸ್ 20 ಮತ್ತು ಮೇಲ್ಪಟ್ಟವರಿಗೆ ಪೆಂಬ್ರೋಲಿಜುಮ್ಯಾಬ್ ಒಂದನ್ನೇ ಕೊಟ್ಟಾಗ ಅರ್ಧದಷ್ಟು ಜನ 14.9 ತಿಂಗಳು ದಾಟಿದರು, ಹಳೆಯ ಚಿಕಿತ್ಸೆಯಲ್ಲಿ ಅರ್ಧದಷ್ಟು ಜನ ದಾಟಿದ್ದು 10.7 ತಿಂಗಳು.

ಬೆಲೆ ಕೇಳಿದರೆ ತಲೆ ತಿರುಗುತ್ತದೆ ಅನ್ನೋದು ಗೊತ್ತು. ಮುಂಬೈನ ಟಾಟಾ ಮೆಮೋರಿಯಲ್‌ನವರು ಅದೇ ಬಗೆಯ ನಿವೊಲುಮ್ಯಾಬ್ ಔಷಧವನ್ನು ಮೂರು ವಾರಕ್ಕೆ ಬರೀ 20 ಮಿಲಿಗ್ರಾಮ್ ಕೊಟ್ಟು ನೋಡಿದ್ದಾರೆ. ಮಾಮೂಲಿ ಡೋಸ್ ಎರಡು ವಾರಕ್ಕೆ 240. ಬಾಯಿಯಿಂದ ತೆಗೆದುಕೊಳ್ಳುವ ಮೂರು ಮಾತ್ರೆಗಳ ಜೊತೆ ಅದನ್ನು ಸೇರಿಸಿದಾಗ ಒಂದು ವರ್ಷ ಬದುಕಿದವರು 16.3%ರಿಂದ 43.4%ಕ್ಕೆ ಏರಿದರು. ನಿಮ್ಮ ಡಾಕ್ಟರ ಹತ್ತಿರ ಕಮ್ಮಿ ಡೋಸ್ ಬಗ್ಗೆ ಕೇಳಿ, ಸಂಕೋಚ ಬೇಡ.

ಲೆಕ್ಕದಮೇಷ್ಟ್ರು

ಬೆಂಗಳೂರಿನ ಬಯೋಕಾನ್‌ನವರು 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ಗೆ ಇಜಿಎಫ್‌ಆರ್ ಔಷಧ ತಂದಾಗ ಪೇಪರ್ ತುಂಬಾ ಅದೇ ಸುದ್ದಿ. ಆ ಇಜಿಎಫ್‌ಆರ್ ಕೂಡ ಮಾರ್ಕರ್ ತಾನೆ?

ರೌಂಡ್ಸ್‌ನಲ್ಲಿದ್ದೇನೆ

ಅದು ಕೋಶಕ್ಕೆ ಬೆಳೆಯಲು ಹೇಳುವ ಪ್ರೋಟೀನ್. ಔಷಧಕ್ಕೆ ಗುರಿ ಹೌದು ಮೇಷ್ಟ್ರೇ, ಯಾರಿಗೆ ಔಷಧ ಕೊಡಬೇಕು ಅಂತ ಆರಿಸುವುದಕ್ಕೆ ಮಾತ್ರ ಉಪಯೋಗ ಆಗಲಿಲ್ಲ. ತಲೆ-ಕತ್ತಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲಿನಲ್ಲಿ ಇಜಿಎಫ್‌ಆರ್ ಹೆಚ್ಚೇ ಇರುತ್ತದೆ. ಕ್ಲಾಸಿನಲ್ಲಿ ಎಲ್ಲರೂ ಪಾಸಾದರೆ ರ‍್ಯಾಂಕ್ ಯಾರಿಗೆ ಕೊಡುತ್ತೀರಿ?

ಬೆಣ್ಣೆದೋಸೆ

ಲ್ಯಾಬ್‌ಕೋಟು ಅಕ್ಕ ಹೇಳಿದ, ಒಬ್ಬೊಬ್ಬರಿಗೇ ತಯಾರಿಸುವ ಟೆಸ್ಟ್ ಬಗ್ಗೆ ಯೋಚಿಸುತ್ತಿದ್ದೇನೆ. ಸಾಲ ಮಾಡಿಯಾದರೂ ಮಾಡಿಸಬಹುದು. 253 ದಿನ ಮೊದಲೇ ಗೊತ್ತಾಗುವುದು ಅಂದರೆ ಸಣ್ಣ ಮಾತಾ?

ರೌಂಡ್ಸ್‌ನಲ್ಲಿದ್ದೇನೆ

ಸಾಲ ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಅಂದುಕೊಳ್ಳಿ, ಪಾಸಿಟಿವ್ ಬಂತು. ನಾವು ಬಾಯಿ ನೋಡುತ್ತೇವೆ, ಏನೂ ಇಲ್ಲ. ಕತ್ತು ಒತ್ತುತ್ತೇವೆ, ಇಲ್ಲ. ಪೆಟ್ ಸ್ಕ್ಯಾನ್ ಮಾಡುತ್ತೇವೆ, ಇಲ್ಲ. ಈಗ ಎಲ್ಲಿ ಆಪರೇಷನ್ ಮಾಡುವುದು? ಯಾವ ಜಾಗಕ್ಕೆ ರೇಡಿಯೇಷನ್ ಕೊಡುವುದು? ಒಮ್ಮೆ ಪೂರ್ತಿ ರೇಡಿಯೇಷನ್ ಆದ ಕೆನ್ನೆಗೆ ಅಂದಾಜಿನ ಮೇಲೆ ಇನ್ನೊಮ್ಮೆ ಕೊಡುವುದಕ್ಕೆ ಆಗುವುದಿಲ್ಲ. ಕೀಮೋ ಶುರು ಮಾಡಿದರೆ ಬದುಕು ಹೆಚ್ಚುತ್ತದೆ ಅಂತ ಬಾಯಿ ಕ್ಯಾನ್ಸರ್‌ನಲ್ಲಿ ಯಾರೂ ತೋರಿಸಿಲ್ಲ. ಅಪ್ಪನಿಗೆ ಆ ತಿಂಗಳುಗಳಲ್ಲಿ ಸಿಗುವುದು ಕಾಯುವ ಕೆಲಸ ಮಾತ್ರ. 17 ಜನರ ಅಧ್ಯಯನ ದಾರಿ ತೋರಿಸಿದೆ. ಆದರೆ ಆ ದಾರಿಯಲ್ಲಿ ಹೋದರೆ ಊರು ಸಿಗುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ. ಟ್ರಯಲ್ ನಡೆಯುತ್ತಿದ್ದು ಅಪ್ಪನಿಗೆ ಅವಕಾಶ ಸಿಕ್ಕರೆ ಖಂಡಿತ ಸೇರಿಸಿ, ಅಲ್ಲಿ ಖರ್ಚು ಅವರದ್ದು, ಮುಂದೇನು ಅನ್ನುವುದಕ್ಕೂ ಯೋಜನೆ ಇರುತ್ತದೆ.

ಲ್ಯಾಬ್‌ಕೋಟು

ಈ ಕೆಲಸದಲ್ಲೇ ಇದ್ದರೂ ನಾನು ಡಾಕ್ಟರ ಮಾತಿಗೆ ಪೂರ್ತಿ ಒಪ್ಪುವುದಿಲ್ಲ 🙂 ಸುಳಿವು ಸಿಕ್ಕರೆ ಚೆಕಪ್ ಬೇಗ ಬೇಗ ಮಾಡಬಹುದು, ಸ್ಕ್ಯಾನ್ ಮುಂದಕ್ಕೆ ತರಬಹುದು, ಎರಡನೇ ಆಪರೇಷನ್ ಸಾಧ್ಯವಿರುವ ಹಂತದಲ್ಲೇ ಹಿಡಿಯಬಹುದು. ಅಷ್ಟಾದರೂ ಬೆಲೆ ಇದೆ. ಆದರೆ ಸಾಲ ಮಾಡುವಷ್ಟು ಅಲ್ಲ, ಅದು ನಿಜ.

ಮತ್ತೊಂದು. ಮನೆಗೆ ಬಂದು ರಕ್ತ ತೆಗೆದುಕೊಳ್ಳುವವರನ್ನು ಯಾವ ಟ್ಯೂಬ್ ಅಂತ ಕೇಳಿ. ಗಡ್ಡೆಯ ಡಿಎನ್‌ಎ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಗಂಟೆ-ಎರಡು ಗಂಟೆಯಲ್ಲಿ ಅರ್ಧ ಖಾಲಿ. ಟ್ಯೂಬಿಗೆ ಬಂದ ಮೇಲೆ ಬೇರೆ ತೊಂದರೆ: ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ತುಂಬಿಕೊಳ್ಳುತ್ತದೆ, ಗಡ್ಡೆಯದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ನೇರಳೆ ಮುಚ್ಚಳದ ಮಾಮೂಲಿ ಟ್ಯೂಬ್ ಆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರೆ ಮಾಡಬೇಕು. ಇಲ್ಲದಿದ್ದರೆ ಕಣ ಒಡೆಯದ ಹಾಗೆ ಹಿಡಿದಿಡುವ ವಿಶೇಷ ಟ್ಯೂಬ್ ಬೇಕು. ಬೈಕಿನ ಬ್ಯಾಗಿನಲ್ಲಿ ಮಧ್ಯಾಹ್ನದವರೆಗೆ ಸುತ್ತಿದ ಸ್ಯಾಂಪಲ್ ಇದಕ್ಕೆ ಬರುವುದಿಲ್ಲ.

ಗಾಜಿನಪಟ್ಟಿ

ಬೆಣ್ಣೆದೋಸೆ ಅವರೇ, ದುಡ್ಡಿಲ್ಲದೆ ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅಪ್ಪನ ಗಡ್ಡೆಯ ಪ್ಯಾರಾಫಿನ್ ಬ್ಲಾಕ್ ಇರುತ್ತದೆ. ಮೇಣದಲ್ಲಿ ಕೂರಿಸಿದ ಸಣ್ಣ ತುಂಡು. ಮುಂದೆ ಪಿಡಿ-ಎಲ್1 ಇರಲಿ, ಡಿಎನ್‌ಎ ಓದಿಸುವುದಿರಲಿ, ಅದೇ ಬೇಕು. ಬ್ಲಾಕ್ ನಂಬರ್ ಬರೆದಿಟ್ಟುಕೊಳ್ಳಿ, ಎಷ್ಟು ವರ್ಷ ಇಟ್ಟಿರುತ್ತಾರೆ ಅಂತ ಕೇಳಿ. ಮನೆಗೆ ಕೊಟ್ಟರೆ ತಣ್ಣಗಿನ ಒಣ ಜಾಗದಲ್ಲಿಡಿ. ಬಿಸಿಲು ಬೀಳುವ ಕಪಾಟಿನಲ್ಲಿಟ್ಟು ಮೇಣ ಕರಗಿಸಿಕೊಂಡು ಬಂದವರಿದ್ದಾರೆ.

ಬೆಣ್ಣೆದೋಸೆ

ಪ್ಯಾಕೇಜ್ ಬೇಡ ಅಂತ ಅಪ್ಪನಿಗೆ ಹೇಳಿದೆ. 'ಹಾಗಾದರೆ ಆ ಮೂರು ಬೆರಳಿನ ಟೆಸ್ಟ್ ಮಾಡು' ಅಂದರು. ಎರಡು ಬೆರಳು ಆರಾಮಾಗಿ ಹೋಗುತ್ತದೆ, ಮೂರನೆಯದು ಸಿಕ್ಕಿಕೊಳ್ಳುತ್ತದೆ. ಆಪರೇಷನ್ ಆದಾಗಿನಿಂದ ಹಾಗೇ ಇದೆಯಂತೆ. ತಮ್ಮನಿಗೆ ಹಲ್ಲಿನ ಡಾಕ್ಟರ ಹತ್ತಿರ ಶನಿವಾರ ಟೈಮ್ ತಗೊಂಡಿದ್ದೇನೆ. ಪಾನಿಪೂರಿ ಹೋಗುತ್ತದಂತೆ, ಆದರೆ ಖಾರ ಉರಿಯುತ್ತದಂತೆ.

ಹುಬ್ಳಿ_ಹಲ್ಲಿನಡಾಕ್ಟ್ರು

ಉರಿ ಇದ್ದರೆ ಶನಿವಾರ ತಪ್ಪಿಸಬೇಡಿ ರೀ. ಬರುವಾಗ ಅವನು ತಿನ್ನುವ ಪ್ಯಾಕೆಟ್ ಯಾವುದು, ದಿನಕ್ಕೆ ಎಷ್ಟು ಅಂತ ಸರಿಯಾಗಿ ಹೇಳಲಿ, ಬೈಯುವುದಿಲ್ಲ. ಅಪ್ಪನಿಗೆ ಐಸ್‌ಕ್ರೀಂ ಕಡ್ಡಿ ಜೋಡಿಸಿ ಬಾಯಿ ಅಗಲಿಸುವ ವ್ಯಾಯಾಮ ಇದೆ. ಅವರ ಆಸ್ಪತ್ರೆಯ ಫಿಜಿಯೋ ಹತ್ತಿರ ಒಮ್ಮೆ ಕಲಿತು ಶುರು ಮಾಡಲಿ. ಬಾಯಿ ಅಗಲ ತೆರೆದಷ್ಟೂ ಚೆಕಪ್ ಮಾಡುವವರಿಗೆ ಒಳಗೆ ಕಾಣಿಸುತ್ತದೆ.

ಕಾವೇರಿತೀರ

ಆ ಬ್ಲಾಕ್ ಬೇರೆ ಊರಿನ ಆಸ್ಪತ್ರೆಯಲ್ಲಿದ್ದರೆ ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದಾ? ಅತ್ತೆಯದ್ದು ಮೈಸೂರಿನಲ್ಲಿದೆ, ನಾವಿರುವುದು ಬೆಳಗಾವಿ.

ಗಾಜಿನಪಟ್ಟಿ

ತರಿಸಬಹುದು. ಮೊದಲು ಅವರಿಗೆ ರೋಗಿಯ ಸಹಿ ಇರುವ ಅರ್ಜಿ, ಗುರುತಿನ ಚೀಟಿ, ಹಳೆಯ ರಿಪೋರ್ಟ್ ಪ್ರತಿ ಕಳಿಸಿ. ಒಂದಕ್ಕಿಂತ ಜಾಸ್ತಿ ಬ್ಲಾಕ್ ಇದ್ದರೆ ಎಲ್ಲವನ್ನೂ ತರಿಸಬೇಡಿ, ಗಡ್ಡೆ ಚೆನ್ನಾಗಿರುವ ಒಂದು ಸಾಕು. ಯಾವುದು ಅಂತ ಅಲ್ಲಿನ ಪೆಥಾಲಜಿಯವರೇ ಗುರುತು ಹಾಕಿ ಕೊಡುತ್ತಾರೆ. ಬೇಸಿಗೆಯಲ್ಲಿ ಕಳಿಸಿದರೆ ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಪ್ಯಾಕ್.